ಧ್ವನಿಬೀಗ

"ನಿಮ್ಮ ಧ್ವನಿ ಈ ದಾಖಲೆಯಲ್ಲಿ ಇಲ್ಲ."

ಯಂತ್ರ ಮತ್ತೆ ಅದನ್ನೇ ಹೇಳಿದಾಗ ತಿರುಪತಮ್ಮ ಕುರ್ಚಿಯಿಂದ ಎದ್ದೇ ನಿಂತಳು. ಪಟ್ಟಿ ಕಟ್ಟಿದ ಬಲಗೈಯನ್ನು ಎದೆಗೆ ಒತ್ತಿಕೊಂಡು, ಎಡಗೈ ಬೆರಳನ್ನು ಯಂತ್ರದತ್ತ ಚಾಚಿ, "ಇಲ್ಲಂದ್ರ ಏನ್ರಿ ಇದರ ಅರ್ಥ? ಮುಂಜಾನಿಂದ ಕತ್ತಲಾಗೂತನಕ ನಾ ಆ ಠಾಣೆದಾಗ ಬಿದ್ದಿದ್ನಿ. ಇದಕ್ಕ ಕಿವಿ ಐತೋ ಇಲ್ಲೋ?" ಎಂದಳು.

ಮೇಜಿನ ಈಚೆ ಕೂತಿದ್ದ ನೀಲಗಂಗಾ ಹಡಪದ ಯಂತ್ರವನ್ನು ತನ್ನತ್ತ ಎಳೆದುಕೊಂಡಳು. ಉತ್ತರ ಅವಳಿಗೆ ಗೊತ್ತಿತ್ತು, ಗೊತ್ತಿದ್ದದ್ದರಿಂದಲೇ ತಲೆ ಸಿಡಿಯುತ್ತಿತ್ತು. ಆ ಯಂತ್ರಕ್ಕೆ ಕಿವಿ ಬಿಟ್ಟರೆ ಬೇರೇನೂ ಇರಲಿಲ್ಲ. ಅದರ ಹೆಸರೇ ಕೇಳುಗ. ಅದಕ್ಕೆ ಬೀಗ ಮಾಡಿಕೊಟ್ಟವಳು ಅವಳೇ.

ಬಡವರು, ಅಲೆಮಾರಿಗಳು, ಹೇಳಕೇಳುವವರಿಲ್ಲದ ಜನ ಸರ್ಕಾರದ ಕೈಗೆ ಸಿಕ್ಕಾಗ ಅಲ್ಲಿ ಏನು ನಡೆಯಿತು ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ ಎಂಬ ಕಾರಣಕ್ಕೆ ಕೇಳುಗ ಹುಟ್ಟಿತ್ತು. ಅಂಗಿಯ ಗುಂಡಿಯಷ್ಟು ದೊಡ್ಡದು. ಪ್ರತಿ ಪೊಲೀಸರ ಹೆಗಲ ಮೇಲೆ ಒಂದು, ಪ್ರತಿ ಸರ್ಕಾರಿ ಕೌಂಟರಿನ ಮೇಲೆ ಒಂದು. ಸುತ್ತ ನಡೆದ ಮಾತನ್ನೆಲ್ಲ ಅದು ಹಿಡಿದಿಡುತ್ತಿತ್ತು. ಅದನ್ನು ಆರಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಅದರ ಉಸ್ತುವಾರಿಗೆಂದೇ ಪೊಲೀಸ್ ಇಲಾಖೆಗೂ ಜಿಲ್ಲಾಡಳಿತಕ್ಕೂ ಸೇರದ ಸ್ವತಂತ್ರ ನಿಗಾ ಪೀಠ ಎಂಬ ಸಂಸ್ಥೆ ಬಂತು. ಕರಿಕಲ್ಲೂರು ಜಿಲ್ಲಾ ಕಚೇರಿಗೆ ನೀಲಗಂಗಾಳೇ ತನಿಖಾಧಿಕಾರಿ.

ಅದಕ್ಕೂ ಮೊದಲು ಅವಳು ಧ್ವನಿವಿಜ್ಞಾನಿ. ಯಂತ್ರ ಇನ್ನೂ ಕಾಗದದ ಮೇಲಿದ್ದಾಗ ಗುಡಾರ ಗುಡಾರ ತಿರುಗಿ ಜನರನ್ನು ಕೇಳಿದ್ದಳು. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಕೇಳಿದ್ದನ್ನ ಯಾರ ಕೈಯಾಗ ಇಡ್ತೀರಿ? ಸರ್ಕಾರದ ಕೈಯಾಗ ಇಟ್ರ ಅದು ನಮ್ಮ ಮ್ಯಾಲ ಇನ್ನೊಂದು ಕಾವಲು ಅಷ್ಟ." ಮಾತು ನ್ಯಾಯವಾಗಿತ್ತು. ಹಾಗಾಗಿ ಅವಳು ಧ್ವನಿಬೀಗ ಮಾಡಿದಳು. ಗಂಟಲು, ನಾಲಿಗೆ, ಮೂಗು, ಹಲ್ಲು ಸೇರಿ ಒಬ್ಬೊಬ್ಬರ ಮಾತಿಗೂ ಒಂದೊಂದು ಆಕಾರ ಕೊಡುತ್ತವೆ. ಆ ಆಕಾರಗಳನ್ನೇ ಅರೆದು ಕೇಳುಗ ದಾಖಲೆಗೆ ಬೀಗ ಹಾಕುತ್ತಿತ್ತು. ಅಲ್ಲಿ ಮಾತಾಡಿದ್ದ ಯಾರೇ ಒಬ್ಬರು ಆಮೇಲೆ ಪೀಠಕ್ಕೆ ಬಂದು ನಾಲ್ಕು ಮಾತಾಡಿದರೆ ಬೀಗ ತೆರೆಯುತ್ತಿತ್ತು. ಉಳಿದ ಯಾರಿಗೂ, ಮಂತ್ರಿಗಾಗಲಿ ನ್ಯಾಯಾಲಯಕ್ಕಾಗಲಿ ನೀಲಗಂಗಾಳಿಗಾಗಲಿ, ಅದು ಬಾಯಿ ಬಿಡುತ್ತಿರಲಿಲ್ಲ.

ಮೊದಲ ವರ್ಷ ಎಲ್ಲರೂ ಹೊಗಳಿದರು. ಆಮೇಲೆ ವಿಜ್ಞಾನಿಗಳಿಗೆ ಹೊಳೆಯದಿದ್ದದ್ದು ಠಾಣೆಗಳಿಗೆ ಹೊಳೆಯಿತು. ಮಾತಾಡಿದವರಿಗಷ್ಟೇ ಕೀಲಿ. ಹಾಗಾದರೆ ಮಾತಾಡಲು ಬಿಡದಿದ್ದರಾಯಿತು!

"ನಿಮಗ ಅಲ್ಲಿ ಮಾತಾಡಾಕ ಬಿಡಲಿಲ್ಲೇನು?" ನೀಲಗಂಗಾ ಕೇಳಿದಳು.

"ಜೀಪಿನ್ಯಾಗ ಹತ್ತಸೂಮುಂದ ಬಾಯಾಗ ಬಟ್ಟಿ ತುರುಕಿದ್ರು. ಬಿಡೂಮುಂದ ತಗದ್ರು. ಒಬ್ರೂ ಬಾಯಿ ಬಿಡಲಿಲ್ರಿ. ಪಾಟಿ ಮ್ಯಾಲ ಬರದು ಬರದು ತೋರಸ್ತಿದ್ರು. ನಂಗ ಓದಾಕ ಬರಂಗಿಲ್ಲ. ಉತ್ತರ ಹೇಳಲಿಲ್ಲಂತ ಕೈ ತಿರುವಿದ್ರು."

ನೀಲಗಂಗಾ ಕಣ್ಣು ಮುಚ್ಚಿಕೊಂಡಳು. ಬಟ್ಟೆಯ ಹಿಂದಿನ ನರಳಿಕೆ ಯಂತ್ರಕ್ಕೆ ಬರೀ ಗದ್ದಲ. ಬಾಯಿ ಬಿಚ್ಚದೆ ಹೊರಟ ಸದ್ದಿಗೆ ಆಕಾರ ಇರುವುದಿಲ್ಲ. ಆಕಾರ ಇಲ್ಲದ ಸದ್ದಿನಿಂದ ಕೀಲಿ ಆಗುವುದಿಲ್ಲ.

ವಿಪರ್ಯಾಸವೆಂದರೆ ಇಡೀ ಊರಿಗೆ ಗೊತ್ತಿದ್ದ ಧ್ವನಿ ತಿರುಪತಮ್ಮನದು. ಊರಾಚೆಯ ಗುಡಾರಗಳಲ್ಲಿ ವಾಸ. ಬೆಳಗಾದರೆ ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಬುಟ್ಟಿ ಹೊತ್ತು, ಹೆಂಗಸರು ಬಾಚಿ ಉಂಡೆ ಕಟ್ಟಿಟ್ಟ ಕೂದಲು ಕೊಂಡು ಪಾತ್ರೆ ಕೊಡುತ್ತಾ ಬೀದಿ ಬೀದಿ ತಿರುಗುತ್ತಿದ್ದಳು. "ಕೂದ್ಲಾ... ಪಾತ್ರೀ..." ಎಂದು ಅವಳು ಒಂದು ಓಣಿಯಲ್ಲಿ ಕೂಗಿದರೆ ಮೂರನೆಯ ಓಣಿಯ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಹಾಗೆ ಒಂದು ಮನೆಯ ಕಟ್ಟೆಯ ಮೇಲೆ ಕೂತು ಎದ್ದುಹೋದ ದಿನವೇ ಆ ಮನೆಯ ಬಂಗಾರದ ಸರ ಕಾಣೆಯಾಗಿತ್ತು. ಯಾರ ಮೇಲೆ ಅನುಮಾನ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಜೀಪು ನೆಟ್ಟಗೆ ಗುಡಾರಕ್ಕೇ ಬಂತು. ಈಗ ಅವಳು ಜಾಮೀನಿನ ಮೇಲೆ ಹೊರಗಿದ್ದಳು. ಕಳ್ಳಿ ಎಂಬ ಹೆಸರಿನಿಂದಾಗಿ ಯಾವ ಬೀದಿಯಲ್ಲೂ ಬಾಗಿಲು ತೆರೆಯುತ್ತಿರಲಿಲ್ಲ. ಅವಳೊಬ್ಬಳಿಗೇ ಅಲ್ಲ, ಗುಡಾರದ ಎಲ್ಲ ಹೆಂಗಸರಿಗೂ.

ಬೀಗ ತೆರೆಯದೆ ಹೊರಗಿನಿಂದ ತಿಳಿಯುತ್ತಿದ್ದದ್ದು ಇಷ್ಟೇ: ಒಳಗೆ ಎಷ್ಟು ಧ್ವನಿಗಳಿವೆ, ಗಂಡೋ ಹೆಣ್ಣೋ. ನೀಲಗಂಗಾ ಪರದೆಯತ್ತ ನೋಡಿದಳು. ಎರಡು ಧ್ವನಿ. ಒಂದು ಗಂಡು, ಒಂದು ಹೆಣ್ಣು.

"ಒಬ್ರೂ ಮಾತಾಡಲಿಲ್ಲ ಅಂದ್ರಲ್ಲ, ಇಲ್ಲಿ ಇಬ್ರು ಮಾತಾಡ್ಯಾರ."

ತಿರುಪತಮ್ಮ ಯೋಚಿಸಿದಳು. "ಕೊನಿಗೆ ನಂಗ ಕಣ್ಣಿಗೆ ಕತ್ತಲಿ ಬಂದಿತ್ರಿ. ಆಗ ಯಾರೋ ಏನೋ ಅಂದಂಗಾತು. ಹೆಣ್ಣ ಪೊಲೀಸ್ ಒಬ್ಬಾಕಿ ಇದ್ಲು."

ಅಂದು ಸಂಜೆ ಮನೆಗೆ ಬಂದ ನೀಲಗಂಗಾಳಿಗೆ ಗಂಡ ಈರಣ್ಣ ಚಹಾದ ಕಪ್ಪು ಎತ್ತಿ ತೋರಿಸಿ ಹುಬ್ಬು ಹಾರಿಸಿದ. ಬೇಕಾ ಎಂದು ಅರ್ಥ. ಆತ ತಹಶೀಲ್ದಾರ್ ಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರಗಳ ಕೌಂಟರಿನಲ್ಲಿದ್ದ. ಅವನ ಮೇಜಿನ ಮೇಲೂ ಕೇಳುಗ ಬಂದ ಮೇಲೆ ಮೇಲಿನವರು ಕಿವಿಯಲ್ಲಿ ಹೇಳಿದ್ದರು: ಸುಮ್ಮನೆ ಮಾತಾಡಿ ಸಿಕ್ಕಿಬೀಳಬೇಡಿ, ಬೆರಳು ತೋರಿಸಿ. ಅಂದಿನಿಂದ ಕೌಂಟರಿನಲ್ಲಿ ಬೆರಳಿನದೇ ಕಾರುಬಾರು. ತೋರುಬೆರಳು ಹೊರಗಿನ ಫಲಕದ ಕಡೆಗೆ, ಹೆಬ್ಬೆರಳು ಹಿಂದಕ್ಕೆ ನಾಳೆ ಬಾ ಎಂಬಂತೆ, ಕೈಯಾಡಿಸಿದರೆ ಸರ್ವರ್ ಇಲ್ಲ. ಕಚೇರಿಯ ಚಾಳಿ ಮನೆಗೂ ಬಂದಿತ್ತು.

"ಬಾಯಿ ಬಿಟ್ಟು ಕೇಳ್ರಿ!" ಎಂದು ನೀಲಗಂಗಾ ಚೀಲ ಒಗೆದಳು.

ಈರಣ್ಣ ಬೆದರಿದ. "ಚಹಾ ಬೇಕೇನು ಅಂದೆ."

"ಅನ್ನಲಿಲ್ಲ ನೀವು. ಕಪ್ಪು ಎತ್ತಿದ್ರಿ."

"ನಿನ್ನ ಯಂತ್ರದಿಂದ ಹಂಗಾಗೈತಿ ಮಾರಾಯ್ತಿ. ಮೊದಲ ಜನ ಬಂದು ಬೈತಿದ್ರು, ನಾವೂ ಬೈತಿದ್ವಿ, ಕಡೀಕ ಕೆಲಸ ಆಗ್ತಿತ್ತು. ಈಗ ಬೈಗುಳನೂ ಇಲ್ಲ, ಕೆಲಸನೂ ಇಲ್ಲ. ಇವತ್ತ ಒಬ್ಬ ಮುದುಕ ನನ್ನನ್ನ ಮೂಕ ಅಂದ್ಕೊಂಡು ಕೈಸನ್ನಿ ಮಾಡಿ ಮಾಡಿ ಮಾತಾಡಿದ. ಹೋಗೂಮುಂದ ಪಾಪ ಅಂದ."

ನೀಲಗಂಗಾಳಿಗೆ ನಗು ಬರಬೇಕಿತ್ತು, ಬರಲಿಲ್ಲ.

ಮರುದಿನ ಅವಳು ಪೀಠದ ಅಧ್ಯಕ್ಷರ ಎದುರು ಕೂತಳು. ನಿವೃತ್ತ ನ್ಯಾಯಾಧೀಶರು, ಸಜ್ಜನರು, ಎಷ್ಟು ಸಜ್ಜನರೆಂದರೆ ಎಂದೂ ಯಾರಿಗೂ ಇಲ್ಲ ಎಂದವರಲ್ಲ. ಅದರಿಂದ ಏನೂ ಆಗುತ್ತಲೂ ಇರಲಿಲ್ಲ.

"ಠಾಣೆಯಲ್ಲಿ ಇರಿಸಿಕೊಂಡವರ ಒಂದು ಮಾತೂ ದಾಖಲೆಯಲ್ಲಿ ಇಲ್ಲ ಅಂದರೆ ಅದೇ ಒಂದು ದೂರು ಅಂತ ನಿಯಮ ಮಾಡಬೇಕು ಸರ್. ಎರಡು ವರ್ಷದಿಂದ ಹೇಳ್ತಾ ಇದ್ದೀನಿ."

"ಒಳ್ಳೆಯ ಸಲಹೆ. ಉಪಸಮಿತಿಗೆ ಕಳಿಸಿದ್ದೇವಲ್ಲ."

"ಉಪಸಮಿತಿ ಒಮ್ಮೆಯೂ ಸೇರಿಲ್ಲ ಸರ್."

"ಸದಸ್ಯರ ನೇಮಕ ಆಗಬೇಕಲ್ಲಮ್ಮ."

"ನೇಮಕ ಮಾಡೋದು ಯಾರು?"

"ಗೃಹ ಇಲಾಖೆ."

"ಅಂದರೆ ಪೊಲೀಸರ ಮೇಲೆ ನಿಗಾ ಇಡೋದಕ್ಕೆ ಪೊಲೀಸರ ಇಲಾಖೆಯೇ ಸದಸ್ಯರನ್ನು ಕೊಡಬೇಕು."

"ಕಾನೂನು ಹಾಗಿದೆ" ಎಂದು ಅಧ್ಯಕ್ಷರು ನಿಜವಾಗಿಯೂ ನೊಂದು ನುಡಿದರು. "ನಾವು ಸ್ವತಂತ್ರರು. ಆದರೆ ನೇಮಕ, ಹಣಕಾಸು, ಕಟ್ಟಡ, ವಾಹನ ಇವಿಷ್ಟು ಮಾತ್ರ ಅವರದು."

ನೀಲಗಂಗಾ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು. ನಿಯಮ ಬದಲಾಗುವ ಹೊತ್ತಿಗೆ ತಿರುಪತಮ್ಮನ ಮೊಕದ್ದಮೆ ಮುಗಿದು ಶಿಕ್ಷೆಯೂ ಮುಗಿದಿರುತ್ತದೆ. ಉಳಿದದ್ದು ಒಂದೇ ದಾರಿ. ಮಾತಾಡಿದ ಯಾರೇ ಆಗಲಿ ಬೀಗ ತೆರೆಯಬಹುದು, ಪೊಲೀಸರೂ ಸೇರಿ. ಕೇಳುಗ ಬಂದಂದಿನಿಂದ ಯಾವೊಬ್ಬ ಪೊಲೀಸೂ ಹಾಗೆ ತೆರೆದಿರಲಿಲ್ಲ.

ಆ ದಿನ ಕೆಲಸದಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ಯಾರೆಂದು ತಿಳಿಯುವುದು ಕಷ್ಟವಾಗಲಿಲ್ಲ. ಗುರುಬಾಯಿ ತಳವಾರ. ಪೊಲೀಸ್ ಕ್ವಾರ್ಟರ್ಸಿನ ಕೊನೆಯ ಸಾಲಿನಲ್ಲಿ ಮನೆ. ನೀಲಗಂಗಾ ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಸಮವಸ್ತ್ರ ಮೊಳೆಗೆ ನೇತು ಬಿದ್ದಿತ್ತು. ಗುರುಬಾಯಿ ಮೊದಲು ಎದ್ದು ಹೋಗಿ, ಹೆಗಲಿಗೆ ಕೇಳುಗ ಸಿಕ್ಕಿಸಿದ್ದ ಆ ಅಂಗಿಯನ್ನು ಒಳಗಿನ ಕೋಣೆಯಲ್ಲಿಟ್ಟು ಬಾಗಿಲು ಹಾಕಿ ಬಂದಳು.

"ಇಲ್ಲಿ ಮಾತಾಡ್ರಿ. ಏನು ಬೇಕಾಗಿತ್ತು?"

"ನೀವು ಅವತ್ತು ಏನು ಮಾತಾಡಿದ್ರಿ ಅನ್ನೋದು."

"ನಾ ಮಾತಾಡೇ ಇಲ್ಲ."

"ದಾಖಲೆಯಲ್ಲಿ ಒಂದು ಹೆಣ್ಣಿನ ಧ್ವನಿ ಐತಿ. ಅದು ತಿರುಪತಮ್ಮನದಲ್ಲ."

ಗುರುಬಾಯಿ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. ತಿರುವಿ ಹಾಕಿದಳು.

"ಮೇಡಂ, ನೀವು ಬರ್ತೀರಿ, ಯಂತ್ರ ಹಚ್ತೀರಿ, ಹೋಗ್ತೀರಿ. ನಾ ದಿನಾ ಅದೇ ಠಾಣೆಗೆ ಹೋಗಬೇಕು. ಅದೇ ಸಾಹೇಬ್ರಿಗೆ ಸಲಾಮ್ ಹೊಡೀಬೇಕು. ಬಾಯಿ ಬಿಟ್ರ ನಾಳೆ ನನಗ ಯಾರದಾರ? ನಿಮ್ಮ ಪೀಠ ನನ್ನ ಕಾಯ್ತೈತೇನು?"

ನೀಲಗಂಗಾ ಹೌದು ಎನ್ನಬೇಕೆಂದಿದ್ದಳು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಪೊಲೀಸರ ರಕ್ಷಣೆ ನಮ್ಮ ವ್ಯಾಪ್ತಿಯಲ್ಲಿ ಬರೋದಿಲ್ಲ" ಎಂದಳು.

"ಮತ್ತ?" ಎಂದಳು ಗುರುಬಾಯಿ. ರೊಟ್ಟಿ ಹೊತ್ತಿ ಕಪ್ಪಾಗಿತ್ತು.

ಇದನ್ನು ತಿರುಪತಮ್ಮನಿಗೆ ಹೇಳಿದಾಗ ಅವಳು ಸಿಟ್ಟಾಗಲಿಲ್ಲ. "ಯಾವ ಸಾಲಿನ್ಯಾಗ ಐತ್ರಿ ಆಕಿ ಮನಿ?" ಎಂದಷ್ಟೇ ಕೇಳಿದಳು. ನೀಲಗಂಗಾ ಹೇಳಲಿಲ್ಲ, ಹೇಳುವಂತಿರಲಿಲ್ಲ. ಆದರೆ ಕ್ವಾರ್ಟರ್ಸ್ ಇದ್ದದ್ದೇ ನಾಲ್ಕು ಸಾಲು.

ಮುಂದೆ ನಡೆದದ್ದನ್ನು ಗುರುಬಾಯಿಯೇ ಆಮೇಲೆ ನೀಲಗಂಗಾಳಿಗೆ ಹೇಳಿದಳು. ಊರಿನ ಬೇರೆಲ್ಲ ಬೀದಿಗಳೂ ಬಾಗಿಲು ಮುಚ್ಚಿದ್ದಾಗ ತಿರುಪತಮ್ಮ ಎಡಗೈಯಲ್ಲಿ ಬುಟ್ಟಿ ಹಿಡಿದು ಪೊಲೀಸ್ ಕ್ವಾರ್ಟರ್ಸಿಗೇ ಬರತೊಡಗಿದಳು. ಯಾರ ಮನೆಯ ಮುಂದೂ ನಿಲ್ಲಲಿಲ್ಲ, ಯಾರನ್ನೂ ಬೈಯಲಿಲ್ಲ. ಸಾಲಿನ ಈ ತುದಿಯಿಂದ ಆ ತುದಿಗೆ ತನ್ನ ಕೂಗು ಕೂಗುತ್ತಾ ಹೋಗುವುದು, ಬರುವುದು. ಪೊಲೀಸರ ಹೆಂಡಂದಿರು ಮೊದಲು ಕಿಟಕಿಯಿಂದ ನೋಡಿದರು. ಆಮೇಲೆ ಒಬ್ಬಳು ಕೂದಲ ಉಂಡೆ ತಂದು ಡಬ್ಬಿ ಕೊಂಡಳು, ಮತ್ತೊಬ್ಬಳು ಸೌಟು ಕೊಂಡಳು. ಠಾಣೆಯಲ್ಲಿ ಕಳ್ಳಿಯಾದವಳ ಹತ್ತಿರ ಠಾಣೆಯವರ ಮನೆಯ ಹೆಂಗಸರೇ ವ್ಯಾಪಾರ ಮಾಡಿದರು.

ಗುರುಬಾಯಿ ಮಾತ್ರ ಬಾಗಿಲು ತೆರೆಯಲಿಲ್ಲ. ಬಟ್ಟೆ ತುರುಕಿದ ಬಾಯಿಯಿಂದ ಇಡೀ ದಿನ ಬಂದ ಆ ಸದ್ದು ಅವಳ ಕಿವಿಯಲ್ಲಿತ್ತು. ಈಗ ಅದೇ ಬಾಯಿ ಕಿಟಕಿಯಾಚೆ ಇಷ್ಟು ಗಟ್ಟಿಯಾಗಿ ಕೂಗುವುದನ್ನು ಕೇಳಿದಾಗ ಊಟ ಸೇರುತ್ತಿರಲಿಲ್ಲ. ಒಂದು ಮುಂಜಾನೆ ತಡೆಯದೆ ಹೊರಬಂದು ರೇಗಿದಳು. "ಯಾಕ ಬಂದು ನನ್ನ ಜೀವ ತಿಂತಿ? ನಾ ಏನ್ ಮಾಡೇನಿ ನಿಂಗ?"

ತಿರುಪತಮ್ಮ ಬುಟ್ಟಿ ಇಳಿಸಿದಳು. "ನೀ ಏನೂ ಮಾಡಿಲ್ಲವ್ವ. ನೀ ಒಬ್ಬಾಕೀನ ಬಟ್ಟಿ ತಗೀಲೇನು ಅಂದಾಕಿ. ಕಣ್ಣಿಗೆ ಕತ್ತಲಿ ಬಂದಿತ್ತು, ಯಾರಂದ್ರು ತಿಳಿದಿರಲಿಲ್ಲ. ಈಗ ನಿನ್ನ ದನಿ ಕೇಳಿ ತಿಳೀತು."

ಗುರುಬಾಯಿ ಅಂದೇ ಪೀಠದ ಕಚೇರಿಗೆ ಬಂದು, ಬೀಗ ತೆರೆಯುತ್ತೇನೆ ಎಂದು ನೀಲಗಂಗಾಳಿಗೆ ಹೇಳಿದಳು.

ವಿಚಾರಣೆ ಪೀಠದ ಸಣ್ಣ ಸಭಾಂಗಣದಲ್ಲಿ ನಡೆಯಿತು. ಅಧ್ಯಕ್ಷರು ನಡುವೆ, ಒಂದು ಬದಿಗೆ ಆ ಠಾಣೆಯ ಪಿಎಸ್ಐ ನಾಗರಾಳ ಮತ್ತು ಅವರ ವಕೀಲರು. ನಾಗರಾಳ ದೊಡ್ಡ ಮೀಸೆಯ ಕ್ರೂರಿ ಏನಲ್ಲ. ಕನ್ನಡಕ ಹಾಕಿಕೊಂಡ, ಮೆಲುದನಿಯ, ಬೇಸತ್ತಂತೆ ಕಾಣುವ ಮನುಷ್ಯ. ಗುರುಬಾಯಿ ಸಮವಸ್ತ್ರದಲ್ಲೇ ಒಳಗೆ ಬಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ವಕೀಲರು ಎದ್ದರು. "ಇಲಾಖೆಯ ಅನುಮತಿ ಇಲ್ಲದೆ ಸಿಬ್ಬಂದಿ ಬೀಗ ತೆರೆಯುವಂತಿಲ್ಲ."

"ಯಾವ ನಿಯಮ?" ನೀಲಗಂಗಾ ಕೇಳಿದಳು.

"ನಿಯಮ ಕರಡು ಹಂತದಲ್ಲಿದೆ."

"ಹಾಗಾದರೆ ಅದು ನಿಯಮ ಅಲ್ಲ" ಎಂದರು ಅಧ್ಯಕ್ಷರು. ಅವರ ಬಾಯಿಂದ ಇಲ್ಲ ಎಂಬ ಅರ್ಥದ ಮಾತು ಬಂದದ್ದು ಅದೇ ಮೊದಲು. ಅವರಿಗೂ ಆಶ್ಚರ್ಯವಾದಂತಿತ್ತು.

ಗುರುಬಾಯಿ ಯಂತ್ರದ ಮುಂದೆ ಕೂತಳು. ಏನು ಮಾತಾಡಿದರೂ ಸಾಕಿತ್ತು, ಹೆಸರು, ಊರು, ಏನಾದರೂ. ಅವಳು ಅಂದಿನ ಮಾತನ್ನೇ ಹೇಳಿದಳು. "ಸರ್, ಆಕಿಗೆ ಉಸುರ ಆಡವಲ್ದು. ಬಟ್ಟಿ ತಗೀಲೇನ್ರಿ?"

ಯಂತ್ರ ಉತ್ತರಿಸಿತು. "ನಿಮ್ಮ ಧ್ವನಿ ಈ ದಾಖಲೆಯಲ್ಲಿ ಇದೆ."

ಒಳಗೆ ಹೆಚ್ಚೇನೂ ಇರಲಿಲ್ಲ. ಕುರ್ಚಿ ಎಳೆಯುವ ಸದ್ದು, ಪಾಟಿಯ ಮೇಲೆ ಬಳಪ ಕೀರುವ ಸದ್ದು, ನಡುನಡುವೆ ಯಂತ್ರ ಗದ್ದಲವೆಂದು ತಳ್ಳಿಹಾಕಿದ್ದ ಆ ನರಳಿಕೆ. ಅದು ಸಾಗುತ್ತಲೇ ಇತ್ತು. ಸಭಾಂಗಣದಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ತಿರುಪತಮ್ಮ ಮಾತ್ರ ನೆಟ್ಟಗೆ ಕೂತು, ಬೇರೆ ಯಾರದೋ ಕಷ್ಟವನ್ನು ಕೇಳುವವಳ ಹಾಗೆ ಕೇಳಿದಳು. ಆಮೇಲೆ ಫೋನು ಬಡಿದುಕೊಂಡಿತು. ಯಾರೋ ಎತ್ತಿ, ಮಾತಾಡದೆ ಕೇಳಿಸಿಕೊಂಡು, ಮತ್ತೆ ಇಟ್ಟರು. ಅದರ ಬೆನ್ನಿಗೇ ಗುರುಬಾಯಿಯ ಪ್ರಶ್ನೆ. ಕೊನೆಗೆ ನಾಗರಾಳರ ಮೆಲುದನಿ, ಬಾಯಿ ಬಿಡಬಾರದೆಂಬುದನ್ನು ಮರೆತು, ಸಿಟ್ಟಿನಲ್ಲಿ: "ಬ್ಯಾಡ. ಸರ ಗಾದಿ ಕೆಳಗ ಸಿಕ್ತಂತ ಆ ಮನಿಯವರು ಫೋನ್ ಮಾಡ್ಯಾರ. ಈಗ ಬಾಯಿ ಬಿಚ್ಚಿ ಕಳಿಸಿದ್ರ ಊರ ತುಂಬ ಒದರ್ತಾಳ. ಕೇಸ್ ಬರದು ಮುಗಿಸ್ರಿ."

ತಿರುಪತಮ್ಮ ಎದ್ದಳು. "ಸಿಕ್ಕಿತ್ತೇನ್ರಿ?" ಎಂದಳು. ಕೂಗಲಿಲ್ಲ. "ಅವತ್ತ ಸಿಕ್ಕಿತ್ತೇನ್ರಿ? ನನ್ನ ಕೈ ಮುರಿಯೂಕಿಂತ ಮೊದಲೋ, ಆಮ್ಯಾಲೋ?"

ನಾಗರಾಳ ವಕೀಲರ ಕಡೆ ತಿರುಗಿದರು. ಕನ್ನಡಕ ಇನ್ನೂ ಕೈಯಲ್ಲೇ ಇತ್ತು.

ಕೇಸು ರದ್ದಾಯಿತು. ನಾಗರಾಳ ಅಮಾನತಾದರು. ಸರ ಕಳೆದಿದ್ದ ಮನೆಯವರು ಗುಡಾರಕ್ಕೆ ಬಂದು, ಸಿಕ್ಕಿದ್ದನ್ನು ಯಾರಿಗೂ ಹೇಳಬೇಡಿ ಎಂದು ಠಾಣೆಯವರು ಹೆದರಿಸಿದ್ದರೆಂದು ಹೇಳಿ ಕ್ಷಮೆ ಕೇಳಿದರು. ತಿರುಪತಮ್ಮ ಅವರನ್ನು ಕೂರಿಸಿದಳು, ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ. ಆ ವಾರ ನೀಲಗಂಗಾ ಸ್ವಲ್ಪ ನಿದ್ದೆ ಮಾಡಿದಳು. ಈರಣ್ಣ ಕೌಂಟರಿನಲ್ಲಿ ಬಾಯಿಬಿಟ್ಟು "ಕೂಡ್ರಿ ಯಜಮಾನ್ರ" ಎಂದನಂತೆ. ಎದುರಿಗಿದ್ದವರು ಗಾಬರಿಯಾಗಿ ನಿಂತೇ ಇದ್ದರಂತೆ.

ಅಷ್ಟರಲ್ಲಿ ಎರಡು ಆದೇಶ ಹೊರಬಿದ್ದವು. ಒಂದು, ಕರ್ತವ್ಯದ ವೇಳೆ ಸಿಬ್ಬಂದಿ ಅನಗತ್ಯ ಮಾತನ್ನು ಸಂಪೂರ್ಣ ನಿಲ್ಲಿಸತಕ್ಕದ್ದು. ಇನ್ನೊಂದು, ಕಾನ್‌ಸ್ಟೇಬಲ್ ಗುರುಬಾಯಿ ತಳವಾರ ಅವರನ್ನು ಆಡಳಿತಾತ್ಮಕ ಕಾರಣಗಳಿಗಾಗಿ ರಾಜ್ಯದ ಇನ್ನೊಂದು ತುದಿಗೆ ವರ್ಗ ಮಾಡಲಾಗಿದೆ.

ನೀಲಗಂಗಾ ಫೋನು ಮಾಡದ ಕಚೇರಿಯಿಲ್ಲ. ಬಂದ ಉತ್ತರ ಇಷ್ಟೇ: ವರ್ಗಾವಣೆ ಪೀಠದ ವ್ಯಾಪ್ತಿಗೆ ಬರುವುದಿಲ್ಲ. ಪೊಲೀಸರು ದುರ್ಬಲ ಸಮುದಾಯವಲ್ಲ. ದೂರು ಕೊಡುವುದಾದರೆ ಇಲಾಖೆಯ ಮೂಲಕವೇ ಕೊಡಬೇಕು. ಕೊನೆಯ ಫೋನಿನಲ್ಲಿ ಆಚೆಯವರು ಮಾತಾಡಲೇ ಇಲ್ಲ, ಕೆಮ್ಮಿ ಇಟ್ಟರು.

ಅವಳು ಕ್ವಾರ್ಟರ್ಸಿಗೆ ಹೋದಾಗ ಟೆಂಪೋದಲ್ಲಿ ಸಾಮಾನು ಏರಿತ್ತು. ತಿರುಪತಮ್ಮ ಮತ್ತು ಗುಡಾರದ ನಾಲ್ಕೈದು ಹೆಂಗಸರು ಹಾಸಿಗೆ, ಕೊಡ, ಹಂಚು ಎಲ್ಲ ಕಟ್ಟಿ ಮೇಲೇರಿಸುತ್ತಿದ್ದರು. ಅಕ್ಕಪಕ್ಕದ ಮನೆಗಳ ಬಾಗಿಲು ಅರ್ಧ ತೆರೆದಿದ್ದವು. ಯಾರೂ ಹೊರಗೆ ಬಂದಿರಲಿಲ್ಲ. ಗುರುಬಾಯಿ ಚಾಲಕನ ಪಕ್ಕ ಕೂತಾಗಿತ್ತು.

"ಎಲ್ಲಾ ಕಡೆ ಕೇಳಿದೆ" ಎಂದಳು ನೀಲಗಂಗಾ. "ನಮ್ಮ ಪೀಠಕ್ಕೆ ಅಧಿಕಾರ ಇಲ್ಲ ಅಂತಾರ."

"ಗೊತ್ತಿತ್ತು ಬಿಡ್ರಿ."

ತಿರುಪತಮ್ಮ ಹಗ್ಗ ಬಿಗಿಯುತ್ತಾ ಕೇಳಿದಳು. "ಆಕಿ ನಿಮ್ಮ ಯಂತ್ರಕ್ಕ ದೂರು ಹೇಳಬಹುದಲ್ರಿ?"

"ಹೇಳಬಹುದು. ಆದ್ರ ಅದು—"

"ನಿಮ್ಮ ಆದ್ರ ಕೇಳಿ ಕೇಳಿ ಸಾಕಾಗೈತಿ ಮೇಡಂ" ಎಂದಳು ಗುರುಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವು. ಚಾಲಕನತ್ತ ತಿರುಗಿ, "ಹೋಗೋಣ ನಡೀಪಾ" ಎಂದಳು.

ಆ ದಣಿವು ನೀಲಗಂಗಾಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಅವಳು ಚೀಲದಿಂದ ಪೀಠದ ಕೇಳುಗವನ್ನು ತೆಗೆದು ಟೆಂಪೋದ ಮುಂದಿನ ತಗಡಿನ ಮೇಲೆ ಇಟ್ಟಳು. ದೂರನ್ನು ಸ್ವೀಕರಿಸುವುದಕ್ಕೆ ಅವಳ ಸಹಿಯೊಂದು ಸಾಕಿತ್ತು. ತಳ್ಳಿಹಾಕುವುದಾದರೆ ಮೇಲಿನವರು ತಳ್ಳಿಹಾಕಲಿ, ಯಾಕೆಂದು ಬಾಯಿಬಿಟ್ಟು ಹೇಳಿ ತಳ್ಳಿಹಾಕಲಿ.

"ಆದ್ರ ಗೀದ್ರ ಏನಿಲ್ಲ. ಇಳೀರಿ ಗುರುಬಾಯಿ. ಹೇಳ್ರಿ."

ಚಾಲಕ ಬೇಸರದಿಂದ ಹಾರ್ನ್ ಒತ್ತಿದ. ಗುರುಬಾಯಿ ಅವನನ್ನು ನೋಡಿದಳು, ಯಂತ್ರವನ್ನು ನೋಡಿದಳು, ಇಳಿದಳು. ಸೆರಗು ಸರಿಮಾಡಿಕೊಂಡು ತನ್ನ ಹೆಸರು, ತಾನು ಮಾಡಿದ ಕೆಲಸ, ಅದಕ್ಕೆ ಸಿಕ್ಕ ಬಹುಮಾನ ಇದೆಂದು ಹೇಳತೊಡಗಿದಳು. ಮೊದಲು ತಗ್ಗಿದ ದನಿಯಲ್ಲಿ, ಆಮೇಲೆ ಗಟ್ಟಿಯಾಗಿ.

ಅವಳು ಮುಗಿಸುವ ಹೊತ್ತಿಗೆ ಎದುರು ಮನೆಯ ಬಾಗಿಲು ಪೂರ್ತಿ ತೆರೆಯಿತು. ಬನಿಯನ್ ತೊಟ್ಟ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಹೊರಗೆ ಬಂದು, ಹಿಂದೆ ಮುಂದೆ ನೋಡಿ, ಗಂಟಲು ಸರಿಮಾಡಿಕೊಂಡರು.

"ಮೇಡಂ, ಇದರಾಗ ನಾನೂ ಒಂದೆರಡು ಮಾತು ಹೇಳಬಹುದೇನ್ರಿ?"

ಅವರ ಬೆನ್ನ ಹಿಂದೆ ಇನ್ನೊಂದು ಬಾಗಿಲು ಕಿರ್ ಎಂದಿತು. ಚಾಲಕ ನಿಟ್ಟುಸಿರು ಬಿಟ್ಟು ಎಂಜಿನ್ ಆರಿಸಿದ.